ಡಾರ್ಕಸಳ ಕಿಟಕಿಯ ಹೂವು

ಮೇ ಮೂವತ್ತಕ್ಕೆ ಹೂವು ಎಲ್ಲಿಂದ ತರುವುದು? ಬೆಳಿಗ್ಗೆಯಿಂದ ಡಾರ್ಕಸಳಿಗೆ ಇದೊಂದೇ ಸಿಟ್ಟು. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಯುದ್ಧ ಮುಗಿದು ಮೂರು ವರ್ಷವಾಗಿತ್ತು. ಸತ್ತ ಸಿಪಾಯಿಗಳ ಗೋರಿಗಳಿಗೆ ಈ ವರ್ಷದಿಂದ ದೇಶವಿಡೀ ಒಂದೇ ದಿನ ಹೂವಿಡಬೇಕೆಂದು ವಾಷಿಂಗ್ಟನ್ನಿನಿಂದ ಕಾಗದ ಬಂದಿತ್ತು. ಅಷ್ಟು ಹೊತ್ತಿಗೆ ಎಲ್ಲ ಕಡೆ ಹೂವು ಅರಳಿರುತ್ತದಂತೆ! ಮೇನ್ ರಾಜ್ಯದ ಈ ಬಡಗಣ ತುದಿಯಲ್ಲಿ ಕೊಟ್ಟಿಗೆಯ ಹಿಂದಿನ ಹಿಮವೇ ಇನ್ನೂ ಕರಗಿರಲಿಲ್ಲ. ಲೈಲಾಕ್ ಮೊಗ್ಗುಗಳು ಸಾಸಿವೆ ಕಾಳಿನಷ್ಟಿದ್ದವು.

ಊರಿಗೆಲ್ಲ ಹೂ ಬಿಟ್ಟಿದ್ದು ಒಂದೇ ಗಿಡ, ಅವಳ ಅಡುಗೆಮನೆಯ ಕಿಟಕಿಯಲ್ಲಿದ್ದ ಕೆಂಪು ಜೆರೇನಿಯಂ. ಮಗ ಆಲ್ವಾ ಯುದ್ಧಕ್ಕೆ ಹೊರಡುವ ಮುನ್ನ ಒಡಕು ಟೀ ಪಾತ್ರೆಯಲ್ಲಿ ಊರಿ ಹೋದ ಕಡ್ಡಿ ಅದು. ಅವನು ವರ್ಜೀನಿಯಾದಲ್ಲಿ ಸತ್ತ. ಯಾವ ಗುಂಡಿಗೆ ಹಾಕಿದರೋ ಯಾರಿಗೂ ಗೊತ್ತಿಲ್ಲ. ಅವಳ ಪಾಲಿಗೆ ಉಳಿದದ್ದು ಈ ಗಿಡವೊಂದೇ.

ಅದನ್ನೇ ಕೇಳಲು ಎಬೆನ್ ಬಂದು ನಿಂತಿದ್ದ. ಆಲ್ವಾನ ಜೊತೆಗೇ ಹೋಗಿ, ಒಂದು ಕಾಲು ಕಳೆದುಕೊಂಡು ಬಂದವನು.

“ಊರಲ್ಲಿರೋದು ನಾಲ್ಕೇ ಗೋರಿ ಅತ್ತೆ. ನಾಲ್ಕೇ ಗೊಂಚಲು ಕೊಡಿ.”

“ಗಿಡದಲ್ಲಿರೋದೇ ನಾಲ್ಕು! ಬೋಳಿಸ್ಕೊಂಡು ಹೋಗ್ತೀಯಾ?”

“ಬರೀ ಪೈನ್ ಸೊಪ್ಪು ಇಟ್ರೆ ಏನು ಚೆನ್ನ...”

“ಅವರಮ್ಮಂದಿರಿಗೆ ಗೋರಿನಾದ್ರೂ ಇದೆ ಕಣೋ! ಪಕ್ಕದಲ್ಲಿ ಕೂತು ಅತ್ತು ಬರ್ತಾರೆ. ನಾನೆಲ್ಲಿಗೆ ಹೋಗ್ಲಿ? ಈ ಕಿಟಕಿಗೆ ತಾನೆ? ಆ ದಿನ ಗೊತ್ತು ಮಾಡಿದ ಮಹಾನುಭಾವನ್ನ ಇಲ್ಲಿಗೆ ಕರ್ಕೊಂಡ್ ಬಾ, ಹಿಮದಲ್ಲಿ ಹೂ ಕಿತ್ತು ತೋರಿಸ್ಲಿ!”

ಎಬೆನ್ ಊರುಗೋಲನ್ನೇ ನೋಡುತ್ತ ನಿಂತ. “ವರ್ಜೀನಿಯಾದಲ್ಲಿ ಈಗ ಬೇಲಿ ತುಂಬ ರೋಜಾ ಬಿಟ್ಟಿರುತ್ತೆ ಅತ್ತೆ. ನಾನೂ ಆಲ್ವಾನೂ ನೋಡಿದೀವಿ. ಹೆಸರಿಲ್ಲದ ಗೋರಿಗೂ ಇಡ್ತಾರಂತೆ.”

“ಯಾರು ಇಡ್ತಾರೆ?”

“ಯಾರೋ. ಹತ್ತಿರ ಇರೋರು.”

“ಅವರಿಗೆ ಅವನು ಏನಾಗ್ಬೇಕು?”

“ಏನೂ ಆಗ್ಬೇಕಿಲ್ಲ.”

ಡಾರ್ಕಸ್ ಗಿಡವನ್ನು ಒಮ್ಮೆ ತನ್ನ ಕಡೆಗೆ ತಿರುಗಿಸಿಕೊಂಡಳು. ಆಮೇಲೆ ಕತ್ತರಿ ತೆಗೆದು, ಗೊಣಗುತ್ತಲೇ ನಾಲ್ಕೂ ಗೊಂಚಲು ಕತ್ತರಿಸಿದಳು. ಎಬೆನ್ ಕೈಯೊಡ್ಡಿದ.

“ನಿನ್ನ ಕೈಗೆ ಕೊಟ್ರೆ ಕೆಸರಲ್ಲಿ ಬಿದ್ದು ಹೂವೂ ಹಾಳು, ನೀನೂ ಹಾಳು. ನಾನೇ ಇಡ್ತೀನಿ, ನಡಿ!”

ಶಾಲು ಹೊದ್ದು ಹೊರಟವಳು ಹೊಸ್ತಿಲಲ್ಲೇ ನಿಂತಳು. ಕಣ್ಣು ತುಂಬಿತ್ತು. ತೆಂಕಣ ದಿಕ್ಕಿಗೆ, ವರ್ಜೀನಿಯಾದ ಕಡೆಗೆ ತಿರುಗಿ, ಕಂಡು ಕೇಳದ ಯಾರೋ ಹೆಂಗಸನ್ನು ಜೋರಾಗಿ ಗದರಿದಳು:

“ನಾನು ಇಡ್ತಿದೀನಿ ಕಣೇ. ನನ್ನ ಮಗನಿಗೆ ನೀನು ಇಡದೆ ಹೋದ್ಯೋ, ನಿನ್ನ ಕೈ ಸೇದಿಹೋಗ!”