ಹೆರಿಗೆ ಕೋಣೆಯ ಬೀಗ

ಗಿಡ್ಡಪ್ಪನಕುಂಟೆಯ ಸರ್ಕಾರಿ ಆಸ್ಪತ್ರೆಗೆ ಹೊಸ ಹೆರಿಗೆ ಕೋಣೆ ಬಂದ ಮೇಲೆ ಅಲ್ಲಿ ಹೆರಿಗೆಯೇ ನಿಂತುಹೋಯಿತು. ಬಿಳಿ ಟೈಲ್ಸು, ಹೊಸ ಮಂಚ, ಗೋಡೆಯ ತುಂಬ ನಗುವ ತಾಯಿ-ಮಕ್ಕಳ ಚಿತ್ರ. ಗುಣಮಟ್ಟದ ಪ್ರಮಾಣಪತ್ರ ಕೊಡುವ ತಂಡ ಬಂದು ನೋಡುವ ತನಕ ಅಲ್ಲಿ ಒಂದು ಹನಿ ರಕ್ತವೂ ಬೀಳಬಾರದೆಂದು ಡಾಕ್ಟರ್ ವಸಂತ್ ಬೀಗ ಜಡಿಸಿದ್ದರು. ಹಳೆಯ ಕೋಣೆಯಲ್ಲಿ ಔಷಧಿಯ ರಟ್ಟಿನ ಡಬ್ಬಗಳು ತುಂಬಿಕೊಂಡಿದ್ದವು. ಹೆರುವವರಿಗಿಲ್ಲದ ಕೋಣೆ ನೋಡುವವರಿಗಿದೆಯಲ್ಲ ಎಂದು ನರ್ಸ್ ಆಶಾರಾಣಿ ಮೂಗು ಮುರಿದಿದ್ದಳು. ಮುರಿದು ಸುಮ್ಮನಾಗಿದ್ದಳು. ಅವಳದು ಗುತ್ತಿಗೆಯ ಕೆಲಸ, ವರ್ಷ ವರ್ಷವೂ ಡಾಕ್ಟರ ಸಹಿ ಬೀಳಬೇಕು.

ತಂಡ ಬರುವ ದಿನ ಬೆಳಿಗ್ಗೆ ಆಸ್ಪತ್ರೆಗೆ ಮದುವೆಮನೆಯ ಕಳೆ. ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗೋಲಿ, ಪಕ್ಕದಲ್ಲಿ ತೊಳೆದು ಒರೆಸಿ ನಿಲ್ಲಿಸಿದ ಆಂಬುಲೆನ್ಸ್. ಆ ರಂಗೋಲಿಯ ಮೇಲೆಯೇ ಒಂದು ಆಟೋ ಬಂದು ನಿಂತಿತು. ಸಿಂಚನ ತನ್ನ ಅತ್ತೆ ಮುನಿರತ್ನಮ್ಮನ ಹೆಗಲು ಹಿಡಿದು ಇಳಿದಳು. ಚೊಚ್ಚಲ ಬಸುರಿ. ತಿಂಗಳು ತಿಂಗಳೂ ಅವಳನ್ನು ನೋಡಿದ್ದವಳು ಆಶಾರಾಣಿಯೇ. ನಿನ್ನ ಮಗುವನ್ನು ನಾನೇ ಎತ್ತಿಕೊಡುತ್ತೇನೆ ಎಂದು ಮಾತನ್ನೂ ಕೊಟ್ಟಿದ್ದಳು.

ಪರದೆಯ ಹಿಂದೆ ಕರೆದು ನೋಡಿದಳು. ಹೆರಿಗೆ ಹತ್ತಿರವಾಗಿತ್ತು. ಮಗುವಿನ ಎದೆಬಡಿತ ಗಟ್ಟಿಯಾಗಿತ್ತು, ತಾಯಿಯ ರಕ್ತದೊತ್ತಡವೂ ಸರಿಯಾಗಿತ್ತು. ಓಡಿಹೋಗಿ ಡಾಕ್ಟರಿಗೆ ಹೇಳಿದಳು.

"ಸರ್, ಸ್ವಲ್ಪ ಹೊತ್ತಲ್ಲಿ ಆಗ್ಬಿಡುತ್ತೆ. ಬೀಗ ತೆಗೆಸಿ."

"ತಲೆ ಕೆಟ್ಟಿದ್ಯೇನಮ್ಮ? ಇನ್ನೇನು ಅವ್ರು ಬಂದ್ಬಿಡ್ತಾರೆ. ಒಳಗೆ ರಕ್ತ, ಕಿರುಚಾಟ! ಇಷ್ಟು ದಿನ ಪಟ್ಟ ಪಾಡೆಲ್ಲ ನೀರುಪಾಲು. ಹೊಸಕೋಟೆ ದೊಡ್ಡಾಸ್ಪತ್ರೆಗೆ ಕಳ್ಸು."

"ಆಂಬುಲೆನ್ಸಲ್ಲಾದ್ರೂ..."

"ಅದನ್ನೂ ನೋಡ್ತಾರೆ. ಆಟೋ ಐತಲ್ಲ? ನೀನೇ ಹೋಗಿ ಹೇಳು, ನಿನ್ ಮಾತಾದ್ರೆ ಕೇಳ್ತಾರೆ." ವಸಂತ್ ಕನ್ನಡಿಯಲ್ಲಿ ಕಾಲರ್ ಸರಿಮಾಡಿಕೊಂಡರು. "ನಿನ್ ರಿನ್ಯೂವಲ್ಲೂ ಇದೇ ತಿಂಗಳಲ್ವಾ?"

ಆಶಾರಾಣಿಯ ಕಾಲು ತಾನಾಗಿ ಹೊರಗೆ ನಡೆಯಿತು. ಕೋಣೆಗೆ ಬೀಗ ಹಾಕಿದೆ ಎಂದರೆ ಮುನಿರತ್ನಮ್ಮ ಊರು ಒಂದು ಮಾಡುವವಳು. ಬೇರೆ ಏನಾದರೂ ಹೇಳಬೇಕಿತ್ತು.

"ಬಿಪಿ ಏರ್ಬಿಟ್ಟಿದೆ ಕಣಮ್ಮ. ಇಲ್ಲಾದ್ರೆ ತಾಯಿ ಜೀವಕ್ಕೇ ಅಪಾಯ. ಬೇಗ ಹೊಸಕೋಟೆಗೆ ಹೊರಡಿ."

ಮುನಿರತ್ನಮ್ಮ ಕೂಡಲೇ ಆಟೋದತ್ತ ತಿರುಗಿದಳು. ಸಿಂಚನ ಮಾತ್ರ ಹೆದರಿ ಆಶಾರಾಣಿಯ ಕೈ ಹಿಡಿದುಕೊಂಡಳು. "ಅಕ್ಕಾ, ನೀವೂ ಬನ್ನಿ." ಆಶಾರಾಣಿ ಕೈ ಬಿಡಿಸಿಕೊಂಡಳು. ಆಟೋ ಹೋದ ಮೇಲೆ ಕೆಟ್ಟುಹೋದ ರಂಗೋಲಿಯನ್ನು ಆಯಾ ಮತ್ತೆ ತಿದ್ದಿದಳು.

ತಂಡ ಬಂತು. ಟೈಲ್ಸು ಮುಟ್ಟಿ ನೋಡಿತು, ಆಂಬುಲೆನ್ಸ್ ಸುತ್ತಿ ಬಂತು. ಹೆರಿಗೆ ಕೋಣೆಯಲ್ಲಿ ತಂಡದ ಮೇಡಂ ಒಂದು ರಬ್ಬರ್ ಗೊಂಬೆಯನ್ನು ಮೇಜಿನ ಮೇಲೆ ಮಲಗಿಸಿದರು.

"ಸಿಸ್ಟರ್, ಮಗು ಹುಟ್ಟಿದೆ, ಅಳ್ತಾ ಇಲ್ಲ. ಏನು ಮಾಡ್ತೀರಿ? ತೋರಿಸಿ."

ಆಶಾರಾಣಿ ಗೊಂಬೆಯನ್ನು ಒರೆಸಿದಳು, ಬೆನ್ನು ಉಜ್ಜಿದಳು, ಮೂಗು-ಬಾಯಿಯ ಮೇಲೆ ಮಾಸ್ಕ್ ಒತ್ತಿ ಉಸಿರು ಊದಿಸುವ ಚೀಲವನ್ನು ಹದವಾಗಿ ಅದುಮಿದಳು. ಕೈ ಎಲ್ಲೂ ತಪ್ಪಲಿಲ್ಲ.

"ವೆರಿ ಗುಡ್. ಈಗ ಅತ್ತಿತು ಅಂತ ಇಟ್ಕೊಳ್ಳೋಣ," ಎಂದರು ಮೇಡಂ. ಎಲ್ಲರೂ ಚಪ್ಪಾಳೆ ತಟ್ಟಿದರು. ವಸಂತ್ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಅತಿಥಿಗಳಿಗೆ ಎಲೆ ಹಾಕುವ ಹೊತ್ತಿಗೆ ಅದೇ ಆಟೋ ವಾಪಸ್ ಬಂತು.

"ಲಾರಿ ಸಾಲು ಸಿಸ್ಟರ್, ಅಲ್ಲಾಡ್ಲೇ ಇಲ್ಲ," ಎಂದ ಆಟೋದವನು. "ಅಲ್ಲೇ ಆಗೋಯ್ತು. ಮಗ ಅಳ್ಲಿಲ್ಲ. ಇದೇ ಹತ್ರ ಅಂತ ತಿರುಗ್ಸ್ಕೊಂಡ್ ಬಂದೆ."

ಸಿಂಚನ ಹಿಂದಿನ ಸೀಟಿನಲ್ಲಿ ಸೋತು ಒರಗಿದ್ದಳು. ಮುನಿರತ್ನಮ್ಮನ ಸೆರಗಿನಲ್ಲಿದ್ದ ಗಂಡುಮಗು ನೀಲಿಗಟ್ಟಿತ್ತು. ಆಶಾರಾಣಿ ಅದನ್ನು ಕಿತ್ತುಕೊಂಡು ಒಳಗೋಡಿದಳು. ಒರೆಸಿದಳು, ಉಜ್ಜಿದಳು, ಚೀಲ ಅದುಮಿದಳು, ಅದುಮುತ್ತಲೇ ಇದ್ದಳು. ಮಗು ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು. ಹಿಂದಿನ ಕೋಣೆಯಲ್ಲಿ ವಸಂತ್ ಅತಿಥಿಗಳಿಗೆ ಪಾಯಸ ಬಡಿಸಲು ಹೇಳುತ್ತಿದ್ದುದು ಕೇಳಿಸಿತು.

ಮುನಿರತ್ನಮ್ಮ ಬೈಯುತ್ತಾಳೆ, ಕೆನ್ನೆಗೆ ಬಾರಿಸುತ್ತಾಳೆ ಎಂದು ಆಶಾರಾಣಿ ಕಾದಳು. ಬಾರಿಸಲಿ ಎಂದೇ ಬಯಸಿದಳು. ಆ ಹೆಂಗಸು ಅಳುತ್ತಲೇ ಅವಳ ಎರಡೂ ಕೈ ಹಿಡಿದುಕೊಂಡಳು.

"ನೀನೇನ್ ಮಾಡ್ತೀಯಾ ಬಿಡಮ್ಮ. ಬಿಪಿ ಅಂತ ಟೈಮಿಗ್ ಸರಿಯಾಗಿ ಹೇಳ್ದೆ. ಸೊಸೇನಾದ್ರೂ ಉಳ್ಸ್ಕೊಟ್ಟೆ."

ಆಶಾರಾಣಿ ಕೈ ಬಿಡಿಸಿಕೊಂಡು ಮಗುವಿಗೆ ಬಟ್ಟೆ ಸುತ್ತಿದಳು.

ಪ್ರಮಾಣಪತ್ರ ಬಂತು. ಅವಳ ಕೆಲಸವೂ ಇನ್ನೊಂದು ವರ್ಷಕ್ಕೆ ಉಳಿಯಿತು. ಕೋಣೆಯ ಬೀಗ ತೆಗೆದರು, ಬೇರೆಯವರ ಮಕ್ಕಳು ಅಲ್ಲಿ ಹುಟ್ಟಿದವು, ಅತ್ತವು.

ಸಿಂಚನ ವಾರ ವಾರವೂ ಬಂದು ಬೆಂಚಿನ ಮೇಲೆ ಕೂತು ತೋಳು ಚಾಚುತ್ತಾಳೆ. ಆಶಾರಾಣಿ ಪಟ್ಟಿ ಸುತ್ತಿ ಬಿಪಿ ನೋಡುತ್ತಾಳೆ.

"ಉಪ್ಪು ಬಿಟ್ಬಿಟ್ಟಿದ್ದೀನಿ ಅಕ್ಕಾ. ಸಪ್ಪೆ ಸಾರು, ಗಂಟಲಲ್ಲಿ ಇಳಿಯಲ್ಲ. ಆದ್ರೂ ಮುಂದಿನ್ ಮಗೂಗೆ ಹಿಂಗಾಗ್ಬಾರ್ದಲ್ಲ. ಕಮ್ಮಿ ಆಗೈತಾ?"

ಉಪ್ಪು ತಿನ್ನು ತಾಯಿ ಎಂದರೆ ಸಾಕಿತ್ತು. ಆದರೆ ಯಾಕೆ ಅಂತ ಕೇಳುತ್ತಾಳೆ.

"ಕಮ್ಮಿ ಆಗ್ತಾ ಇದೆ," ಎನ್ನುತ್ತಾಳೆ ಆಶಾರಾಣಿ. "ಇನ್ನಷ್ಟು ದಿನ ಹಂಗೇ ತಿನ್ನು."