ಹೊಟ್ಟೆಯೊಳಗಿನ ಬಡಿತ

ಗಂಗೊಳ್ಳಿಯ ಚಂದಯ್ಯನಿಗೆ ಸೊಂಟನೋವು ಹೊಸತೇನಲ್ಲ. ಹರೆಯವೆಲ್ಲ ಬಲೆ ಎಳೆದು, ವಯಸ್ಸಾದ ಮೇಲೆ ಒಣಮೀನಿನ ವ್ಯಾಪಾರಕ್ಕೆ ಕೂತವನು. ನೋವು ಬಂದರೆ ಹೆಂಡತಿ ಸರಸಳಿಂದ ಎಣ್ಣೆ ತಿಕ್ಕಿಸಿಕೊಂಡು ಬೀಡಿ ಹಚ್ಚುತ್ತಿದ್ದ.

ಆ ಮಧ್ಯಾಹ್ನ ನೋವು ಬೆನ್ನಿನಿಂದ ಹೊಟ್ಟೆಗೂ ಸುತ್ತಿಕೊಂಡಿತ್ತು. ಹೊಕ್ಕುಳ ಮೇಲೆ ಎಣ್ಣೆ ಹಚ್ಚುತ್ತಿದ್ದ ಸರಸಳ ಕೈ ಅಲ್ಲೇ ನಿಂತಿತು; ಅಂಗೈಯಡಿ ಏನೋ ಮಿಡಿಯುತ್ತಿತ್ತು.

"ಹ್ವಾಯ್, ಎದೆ ಬಡ್ಕಂಬ್ದ್ ಸಮ. ಹೊಟ್ಟಿ ಎಂತಕ್ಕೆ ಬಡ್ಕಂತ್ತ್?"

ಗ್ಯಾಸ್ ಇರಬೇಕು ಎಂದು ಚಂದಯ್ಯ ಮಗ್ಗುಲಾದ. ಮರುದಿನ ಬೆಳಿಗ್ಗೆ ಅವಳು ಪೇಟೆಗೆ ಹೊರಡುವ ಸೀರೆ ಉಟ್ಟುಕೊಂಡೇ ಅವನಿಗೆ ಚಹಾ ಕೊಟ್ಟಳು.

ಕುಂದಾಪುರದ ಡಾಕ್ಟರು ಅವನನ್ನು ಮಲಗಿಸಿ, ಬಡಿತದ ಎರಡೂ ಬದಿಗೆ ಬೆರಳಿಟ್ಟರು. ಒಂದೊಂದು ಬಡಿತಕ್ಕೂ ಬೆರಳುಗಳು ಒಂದರಿಂದೊಂದು ದೂರ ಸರಿಯುವುದು ಚಂದಯ್ಯನಿಗೂ ತಿಳಿಯಿತು. ಮನೆಯಲ್ಲಿ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದಾರೆಯೇ ಎಂದು ಅವರು ಕೇಳಿದರು. ಅಣ್ಣ ಸೂರ ನೆನಪಾದ. ದಡಕ್ಕೆ ಬಂದವನು ಹೊಟ್ಟೆ, ಬೆನ್ನು ಎಂದು ಕುಸಿದು, ರಿಕ್ಷಾ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಹಾರ್ಟ್ ಅಟ್ಯಾಕ್ ಅಂತ ಊರೇ ಹೇಳಿತ್ತು.

ಆಗಲೇ ಸ್ಕ್ಯಾನಿಂಗ್ ಆಯಿತು. ಎದೆಯಿಂದ ಹೊಟ್ಟೆಗಿಳಿಯುವ ದೊಡ್ಡ ರಕ್ತನಾಳ, ಸವೆದ ಸೈಕಲ್ ಟ್ಯೂಬಿನ ಹಾಗೆ ಒಂದು ಕಡೆ ಉಬ್ಬಿದೆ, ನೋವೂ ಇರುವುದರಿಂದ ಯಾವಾಗ ಒಡೆಯುತ್ತದೋ ಹೇಳಲಾಗದು ಎಂದರು ಡಾಕ್ಟರು. ಮನೆಗೂ ಬಿಡದೆ ಆಂಬುಲೆನ್ಸಿನಲ್ಲಿ ಮಣಿಪಾಲಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಸರಸ ಅವನ ಪಾದ ಹಿಡಿದು ಕೂತಿದ್ದಳು. ಅಲ್ಲಿ ಹೊಟ್ಟೆ ತೆರೆದು, ಉಬ್ಬಿದ ಕಡೆ ಕೃತಕ ನಾಳ ಜೋಡಿಸಿದರು.

ಬಿಡುಗಡೆಯಾಗುವಾಗ, ಇದು ಒಂದೇ ಮನೆಯವರಲ್ಲಿ ಬರುವುದುಂಟು, ನಿಮ್ಮ ಅಣ್ಣನಿಗೂ ಇದೇ ಒಡೆದಿರಬಹುದು, ಒಡಹುಟ್ಟಿದವರನ್ನೂ ತೋರಿಸಿ ಎಂದಿದ್ದರು ಅಲ್ಲಿಯ ಡಾಕ್ಟರು. ನಡೆಯುವಷ್ಟು ತ್ರಾಣ ಬಂದದ್ದೇ ಚಂದಯ್ಯ ಬೈಂದೂರಿನಲ್ಲಿದ್ದ ತಮ್ಮ ಭೋಜರಾಜನ ಮನೆಗೆ ಹೋದ. ಹೆಂಡತಿ ತೀರಿದ ಮೇಲೆ ಭೋಜರಾಜ ಒಬ್ಬನೇ ಇದ್ದ. ನನಗೆ ನೋವೇ ಇಲ್ಲವಲ್ಲ ಎಂದು ನಕ್ಕ.

"ಸೂರಣ್ಣಂಗೂ ಮುಂಚೆ ಎಂತದೂ ಇರ್ಲಿಲ್ಲ," ಎಂದ ಚಂದಯ್ಯ. "ನಂಗೆ ಕೈ ಇಟ್ ಕಾಂಬುಕೆ ಸರಸ ಇದ್ಲ್. ನಿಂಗ್ಯಾರಿದ್ರ್? ನಾಳೆ ಹೋಪ, ನಾನೂ ಒಟ್ಟಿಗ್ ಬತ್ತೆ."

ಮರುದಿನ ಸ್ಕ್ಯಾನಿಂಗ್ ಮಾಡಿಸಿದಾಗ ಭೋಜರಾಜನ ನಾಳವೂ ತುಸು ಉಬ್ಬಿತ್ತು. ಆಪರೇಷನ್ ಬೇಡ, ಬೀಡಿ ಬಿಡಬೇಕು, ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕು ಎಂದರು ಡಾಕ್ಟರು.

ಆಸ್ಪತ್ರೆಯಿಂದ ಹೊರಬಂದವರು ಹೋಟೆಲಿನಲ್ಲಿ ಗೋಳಿಬಜೆ ತಿಂದರು. ಸೂರಣ್ಣ ಬೀಸುಬಲೆಯನ್ನು ಎಷ್ಟು ದುಂಡಗೆ ಬಿಡಿಸುತ್ತಿದ್ದ ಎಂದು ಭೋಜರಾಜ ಮಾತು ತೆಗೆದ. ಬೈಂದೂರಿನ ಬಸ್ಸು ಬಂದು ಹೋದರೂ ಇಬ್ಬರೂ ಏಳಲಿಲ್ಲ.