ಹಳ್ಳದ ಕಡೆಯಿಂದ ಬಂದೆ

ನಾನು ಮಣ್ಣು ತೋಡುವ ಗಾಡಿ. ಊರಿನಲ್ಲಿ ನನ್ನಂಥವರನ್ನೆಲ್ಲ ಜೆಸಿಬಿ ಎಂದೇ ಕರೆಯುತ್ತಾರೆ. ದೂರದ ಕಾರ್ಖಾನೆಯೊಂದರಲ್ಲಿ ಕಾದ ಕಬ್ಬಿಣವಾಗಿ ಬಿದ್ದಿದ್ದವನಿಗೆ ಮುಂದೊಂದು ಅಗಲವಾದ ಬಾಯಿ, ಹಿಂದೊಂದು ಉದ್ದನೆಯ ಕೈ ಕೊಟ್ಟು, ಹಳದಿ ಬಣ್ಣ ಬಳಿದು ಹೊರಗೆ ಬಿಟ್ಟರು. ಹುಟ್ಟಿದ ದಿನವೇ ನನಗೆ ಬೆಟ್ಟ ಎತ್ತುವಷ್ಟು ಸೊಕ್ಕಿತ್ತು.

ಮೊದಲ ಯಜಮಾನ ಹುಬ್ಬಳ್ಳಿಯ ದೊಡ್ಡ ಗುತ್ತಿಗೆದಾರ. ಅವನ ಮುಖವನ್ನು ನಾನು ಸರಿಯಾಗಿ ನೋಡಲೇ ಇಲ್ಲ. ರಸ್ತೆಯ ಕೆಲಸಕ್ಕೆ ಹಚ್ಚಿದ. ನಡೆಸುವವರು ಬದಲಾಗುತ್ತಲೇ ಇದ್ದರು. ಒಬ್ಬ ಲಿವರ್ ಒದೆಯುತ್ತಿದ್ದ, ಇನ್ನೊಬ್ಬ ಗ್ರೀಸ್ ಹಾಕುವುದನ್ನೇ ಮರೆಯುತ್ತಿದ್ದ. ಕೀಲುಗಳು ಸವೆದು ಕಿರುಗುಟ್ಟತೊಡಗಿದಾಗ ನನ್ನನ್ನು ಹರಾಜಿಗೆ ನಿಲ್ಲಿಸಿದರು.

ಕೊಂಡವನು ಗದಗಿನ ದಾವಲಸಾಬ. ಗಿಡ್ಡ ಆಳು, ಮಾತು ಕಡಿಮೆ. ಅವನೇ ಮಾಲೀಕ, ಅವನೇ ಚಾಲಕ. ನನ್ನನ್ನು ಮನೆಗೆ ತಂದ ದಿನ ಅವನ ಹೆಂಡತಿ ಬೀಬಿಜಾನ ನನ್ನ ಸುತ್ತ ಒಂದು ಸುತ್ತು ಬಂದು, ಇಷ್ಟು ದೊಡ್ಡದನ್ನು ಕಟ್ಟಿಹಾಕುವುದೆಲ್ಲಿ ಎಂದು ಕೇಳಿದ್ದಳು.

ಅಲ್ಲಿಂದ ನನ್ನ ಕೆಲಸವೇ ಬೇರೆಯಾಯಿತು. ಮನೆಯ ಪಾಯ, ನೀರಿನ ಟಾಕಿ, ಪಾಯಖಾನೆಯ ಗುಂಡಿ, ಬಿದ್ದ ಮಣ್ಣಿನ ಗೋಡೆ. ಯಾರಾದರೂ ಕರೆದರೆ ದಾವಲಸಾಬ ಮೊದಲು ತಾನೊಬ್ಬನೇ ಹೋಗಿ ಜಾಗ ನೋಡಿ ಬರುತ್ತಿದ್ದ. ನಳದ ಪೈಪು ಎಲ್ಲಿ ಹಾದಿದೆ, ಪಕ್ಕದ ಮನೆಯ ಗೋಡೆ ಎಷ್ಟು ಹತ್ತಿರವಿದೆ, ತೆಗೆದ ಮಣ್ಣು ಎಲ್ಲಿ ಸುರಿಯಬೇಕು ಎಂದೆಲ್ಲ ವಿಚಾರಿಸುತ್ತಿದ್ದ. ರಸ್ತೆ ಮಾಡುವಾಗ ನನಗೆ ಮಣ್ಣು ಮಾತ್ರ ಕಾಣುತ್ತಿತ್ತು. ಈಗ ಗುಂಡಿಯ ಅಂಚಿಗೆ ಬಂದು ನಿಂತು ಇಲ್ಲಿ ಅಡುಗೆಮನೆ, ಇಲ್ಲಿ ಬಾಗಿಲು ಎಂದು ಬೆರಳು ತೋರಿಸುವ ಮನುಷ್ಯರು ಕಾಣತೊಡಗಿದರು.

ಒಂದು ಬೇಸಿಗೆಯಲ್ಲಿ ಹುಲಿಗೆವ್ವ ಮಾದರ ಬಂದಳು. ಬಸ್ ಕಂಡಕ್ಟರ್. ಡ್ಯೂಟಿ ಮುಗಿಸಿ, ಖಾಕಿ ಅಂಗಿಯಲ್ಲೇ ಬಂದಿದ್ದಳು. ಊರಂಚಿನ ಹೊಸ ಬಡಾವಣೆಯಲ್ಲಿ, ಹಳ್ಳದ ದಂಡೆಗೆ ತಾಗಿದ ಕೊನೆಯ ಸೈಟು ಅವಳದು. ಪಾಯ ತೋಡಲು ಗಾಡಿಯವರನ್ನು ಒಬ್ಬೊಬ್ಬರಾಗಿ ಕೇಳಿದ್ದಳು. ಎಲ್ಲರೂ ಬೆಳಿಗ್ಗೆ ಹ್ಞೂಂ ಎಂದು ಸಂಜೆಗೆ ಫೋನ್ ಎತ್ತುವುದನ್ನು ಬಿಟ್ಟಿದ್ದರು. ಕಾರಣವನ್ನು ಅವಳು ಮುಚ್ಚಿಡಲಿಲ್ಲ.

"ನಮ್ಮ ಜಾತಿಯವರು ಬಾಜೂಕ ಬರೋದು ಅಲ್ಲಿಯವರಿಗೆ ಬ್ಯಾಡಾಗೇತಿ, ದಾವಲಣ್ಣ. ಮೊದಲ ಹೇಳತೇನಿ. ಆಮ್ಯಾಲ ನೀನೂ ಫೋನ್ ಎತ್ತದಂಗ ಆಗಬಾರದು."

ಆ ಬಡಾವಣೆಯ ಹಿರಿಯ ಶಿವಪುತ್ರಪ್ಪ ದಾವಲಸಾಬನಿಗೆ ಹೊಸಬನಲ್ಲ. ಅಲ್ಲಿಯ ಅರ್ಧ ಮನೆಗಳ ಪಾಯ ತೋಡಿದ್ದು ನಾವೇ. ಆದರೂ ದಾವಲಸಾಬ, ಜಾಗ ನೋಡೋಣ ನಡೀರಿ ಎಂದ; ನೋಡಿ, ನಾಳೆ ಬೆಳಿಗ್ಗೆ ಬರುತ್ತೇನೆ ಎಂದು ಮಾತು ಕೊಟ್ಟ.

ಅಂದು ಸಂಜೆಯೇ ಶಿವಪುತ್ರಪ್ಪ ಮನೆಗೆ ಬಂದ. ಬೈಯಲಿಲ್ಲ. ಚಹಾ ಕುಡಿದ, ಮಕ್ಕಳ ಓದು ವಿಚಾರಿಸಿದ. ಬಡಾವಣೆಯ ಗಟಾರದ ಕೆಲಸ ಪೂರ್ತಿ ನಿನಗೇ ಎಂದ. ಆ ಸೈಟಿನ ತಂಟೆ ಮಾತ್ರ ಬೇಡ ಎಂದ. ಅವನು ಹೋದ ಮೇಲೆ ಬೀಬಿಜಾನ ಲೋಟಗಳನ್ನು ಎತ್ತಿಕೊಳ್ಳುತ್ತ, ಏನು ಮಾಡುತ್ತೀ ಎಂದು ಕೇಳಿದಳು. ಮಾತು ಕೊಟ್ಟಾಗಿದೆ ಎಂದ ದಾವಲಸಾಬ. ಹಾಗಿದ್ದರೆ ಡೀಸೆಲ್ ಹಾಕಿಸಿ ಇಟ್ಟುಕೋ ಎಂದಳು ಅವಳು.

ಮರುದಿನ ಬೆಳಿಗ್ಗೆ ಹೋದರೆ ರಸ್ತೆಗೆ ಅಡ್ಡ ಟ್ರ್ಯಾಕ್ಟರ್ ನಿಂತಿತ್ತು. ಅದರ ಮುಂದೆ ಕುರ್ಚಿ ಹಾಕಿಕೊಂಡು ಕೆಲವರು ಕೂತಿದ್ದರು. ಟ್ರ್ಯಾಕ್ಟರ್ ಕೆಟ್ಟಿದೆ ಎಂದರು. ಯಾವಾಗ ಸರಿಯಾಗುತ್ತದೆ ಎಂದರೆ ನಕ್ಕರು. ಆಚೆ ತನ್ನ ಸೈಟಿನಲ್ಲಿ ಹುಲಿಗೆವ್ವ ಸುಣ್ಣದ ಗೆರೆ ಎಳೆದು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ದಾವಲಸಾಬ ಜಗಳ ಮಾಡಲಿಲ್ಲ. ನನ್ನನ್ನು ತಿರುಗಿಸಿದ. ಹಿಂದಿನಿಂದ ಸಿಳ್ಳೆ ಕೇಳಿಸಿತು. ನನಗೆ ಎಂಜಿನ್ ಕುದಿಯುವಷ್ಟು ಅವಮಾನವಾಯಿತು.

ಆದರೆ ಅವನು ಮನೆಯ ದಾರಿ ಹಿಡಿಯಲಿಲ್ಲ. ಊರ ಹೊರಗಿನ ಸೇತುವೆಯ ಬಳಿ ನನ್ನನ್ನು ಒಣಗಿದ ಹಳ್ಳಕ್ಕೆ ಇಳಿಸಿದ. ಜಾಲಿಕಂಟಿ ತುಳಿಯುತ್ತ, ಕಲ್ಲು ಹಾರಿಸುತ್ತ ಹುಲಿಗೆವ್ವನ ಸೈಟಿನ ಹಿಂದಕ್ಕೆ ಬಂದೆವು. ಎದುರಿಗೆ ಎರೆಮಣ್ಣಿನ ದಂಡೆ, ಗೋಡೆಯ ಹಾಗೆ. ದಾವಲಸಾಬ ಅದನ್ನು ಕೆರೆದು ಓರೆ ಮಾಡಿದ. ಆಮೇಲೆ ನನ್ನ ಬೆನ್ನನ್ನು ದಂಡೆಗೆ ತಿರುಗಿಸಿ, ಹಿಂದಿನ ಕೈಯನ್ನು ಚಾಚಿ, ಮೇಲಿನ ನೆಲಕ್ಕೆ ಅದರ ತುದಿಯ ಹಲ್ಲುಗಳನ್ನು ನೆಟ್ಟ.

ನನ್ನನ್ನು ನಾನೇ ಎಳೆದುಕೊಳ್ಳಬೇಕಿತ್ತು. ಅರ್ಧ ಏರುವಷ್ಟರಲ್ಲಿ ಒಂದು ಗಾಲಿಯ ಕೆಳಗಿನ ಮಣ್ಣು ಕುಸಿಯಿತು. ಪಕ್ಕಕ್ಕೆ ವಾಲಿದೆ. ಮೇಲಿನಿಂದ ಹುಲಿಗೆವ್ವ, "ಅಣ್ಣ, ಜಿಗಿದು ಬಿಡು, ಗಾಡಿ ಹೋದ್ರ ಹೋಗ್ಲಿ" ಎಂದಳು. ಅವನು ಜಿಗಿಯಲಿಲ್ಲ. ಮುಂದಿನ ಬಾಯಿಯನ್ನು ನೆಲಕ್ಕೆ ಊರಿ ಲಿವರ್ ಎಳೆದ. ನನ್ನ ಕೀಲುಗಳೆಲ್ಲ ನರಳಿದವು. ಹಿಂದೆ ರಸ್ತೆ ಕೆಲಸದಲ್ಲಿ ನನ್ನನ್ನು ನಡೆಸುತ್ತಿದ್ದವರು ಗಾಡಿಗೆ ಹೇಗೂ ಪ್ರಾಣವಿಲ್ಲ ಎನ್ನುತ್ತಿದ್ದರು, ಅವರು ಅಂದು ನೋಡಬೇಕಿತ್ತು. ಕರಿ ಹೊಗೆ ಕಾರುತ್ತ, ಹಲ್ಲು ಕಚ್ಚಿ ಮೇಲೆ ಬಂದೆ. ಕುರ್ಚಿಯಲ್ಲಿ ಕೂತವರು ಎದ್ದು ನಿಂತರು.

ಶಿವಪುತ್ರಪ್ಪ ಬೇಲಿಯ ಹತ್ತಿರ ಬಂದು, "ದಾವಲಸಾಬ, ಇನ್ನ ಮ್ಯಾಲ ಈ ಕಡೆ ನಿನಗ ಕೆಲಸ ಇಲ್ಲ ನೋಡು" ಎಂದ.

"ಇವತ್ತಂತೂ ಐತ್ರಿ" ಎಂದು ದಾವಲಸಾಬ ಮೊದಲ ಗೆರೆಗೆ ನನ್ನನ್ನು ತಿರುಗಿಸಿದ.

ಎರೆಮಣ್ಣನ್ನು ನಂಬಿ ಮನೆ ಕಟ್ಟುವಂತಿಲ್ಲ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಕೆಳಗಿನ ಗಟ್ಟಿ ಗರಸು ಸಿಗುವ ತನಕ ತೋಡಿದೆವು. ಗರಸಿಗೆ ನನ್ನ ಹಲ್ಲು ತಾಗಿ ಕರಕರ ಎಂದಾಗ ಹುಲಿಗೆವ್ವ ಗುಂಡಿಗೆ ಇಳಿದು, ಬರಿಗಾಲಲ್ಲಿ ಆ ನೆಲವನ್ನು ಒದ್ದು ನೋಡಿದಳು.

ಶಿವಪುತ್ರಪ್ಪ ಆಡಿದ ಹಾಗೆಯೇ ಮಾಡಿದ. ಗಟಾರದ ಕೆಲಸ ಬೇರೆಯವರ ಪಾಲಾಯಿತು. ಆ ಮಳೆಗಾಲವೆಲ್ಲ ನಾನು ಅಂಗಳದಲ್ಲಿ ನೆನೆದೆ. ಬೀಬಿಜಾನ ಹೊಲಿಗೆ ಹಿಡಿದು ಮನೆ ನಡೆಸಿದಳು. ಶಿವಪುತ್ರಪ್ಪನಿಗೆ ತಪ್ಪಾಯಿತು ಎಂದು ಒಂದು ಮಾತು ಹೇಳಿ ಬಾ ಎಂದು ಬುದ್ಧಿ ಹೇಳಲು ಬಂದವರಿಗೆಲ್ಲ ದಾವಲಸಾಬ ಚಹಾ ಕೊಟ್ಟು ಕಳಿಸಿದ. ಹುಲಿಗೆವ್ವ ತನ್ನ ಬಸ್ಸಿನಲ್ಲಿ ಮನೆ ಕಟ್ಟುವ ಮಾತೆತ್ತಿದವರಿಗೆಲ್ಲ ಅವನ ಹೆಸರು ಹೇಳಿದಳು. ನಿಧಾನವಾಗಿ ಹಳ್ಳಿಗಳಿಂದ ಕರೆ ಬಂತು. ಊರಿನಲ್ಲಿ ಕಳೆದುಕೊಂಡಷ್ಟು ಮರಳಿ ಸಿಗಲಿಲ್ಲ. ಹೊಟ್ಟೆಗೆ ಸಾಕಾಯಿತು.

ಈಗ ನಾನು ಬೆಟಗೇರಿಯಾಚೆಯ ಗುಜರಿ ಅಂಗಡಿಯಲ್ಲಿದ್ದೇನೆ. ಎಂಜಿನ್ ಬಿಚ್ಚಿಕೊಂಡಿದ್ದಾರೆ. ನಾಳೆಯೋ ನಾಡಿದ್ದೋ ಗ್ಯಾಸ್ ಕಟರ್ ಹಿಡಿದು ಬರುತ್ತಾರೆ. ಬರಲಿ. ಕುಗ್ಗಿ ಕೂತು ಕಾಯುವವನು ನಾನಲ್ಲ.

ಮೊನ್ನೆ ದಾವಲಸಾಬ ಕೋಲೂರಿಕೊಂಡು ಬಂದಿದ್ದ. ಜೊತೆಗೆ ಹುಲಿಗೆವ್ವ; ನೌಕರಿಯಿಂದ ನಿವೃತ್ತಳಾಗಿದ್ದಳು, ತಲೆ ಬೆಳ್ಳಗಾಗಿತ್ತು. ನನ್ನ ತುಕ್ಕು ಹಿಡಿದ ಕೈಯನ್ನು ಸವರಿ ಅವಳೆಂದಳು: "ಇದು ಬರದಿದ್ರ ನಾ ಇನ್ನೂ ಬಾಡಗಿ ಮನ್ಯಾಗ ಇರ್ತಿದ್ದೆ."

ದಾವಲಸಾಬ ತಲೆಯಾಡಿಸಿದ. "ಇಲ್ಲ ಅಕ್ಕಾರ. ನೀವ ಗುದ್ದಲಿ ಹಿಡದು ತೋಡತಿದ್ರಿ."

ಅವಳು ಕೈಗೆ ಹತ್ತಿದ ತುಕ್ಕನ್ನು ಸೆರಗಿಗೆ ಒರೆಸಿಕೊಂಡಳು.

"ಹೌದು, ತೋಡತಿದ್ದೆ."

ನನ್ನ ಹೆಮ್ಮೆಗೆ ಪೆಟ್ಟು ಬಿತ್ತು ಎಂದುಕೊಂಡಿರಾ? ಇಲ್ಲ. ಬೆಟ್ಟ ಎತ್ತುವ ಸೊಕ್ಕು ಎಂದೋ ಹೋಗಿದೆ. ತಾನೇ ತೋಡಿಕೊಳ್ಳಬಲ್ಲವಳ ಬಳಿಗೆ ಹಳ್ಳ ಹಾದು, ದಂಡೆ ಏರಿ ಕೆಲಸಕ್ಕೆ ಹೋಗಿದ್ದೆ. ಆ ಗುಂಡಿಯ ಮೇಲೆ ಅವಳ ಮನೆ ನಿಂತಿದೆ.